ತಾನಾಗಿ ಮಾಯುವ ಪೊರೆ

ಖರೀದಿ ಅಧಿಕಾರಿ ಜೇಬಿನಿಂದ ಕಾರಿನ ಕೀಲಿ ತೆಗೆದು, ಪೊರೆ ಅಂಟಿಸಿದ ಫೋನಿನ ಮೇಲೆ ಕರ್ರೆಂದು ಎಳೆದ.

“ನಿಮ್ಮ ಸೂಜಿ ಗೀಜಿಯ ಗೀರೆಲ್ಲ ನಾನು ನಂಬೋನಲ್ಲ. ಈಗ ಇದು ಮಾಯಲಿ, ನೋಡೋಣ.”

ಪೊರೆಯನ್ನು ಮಾಡಿದವಳು ಕೈಗವಸಿನ ತುದಿಯಲ್ಲಿ ಫೋನನ್ನು ಹಿಡಿದು ಬೆಚ್ಚಗಿನ ತಟ್ಟೆಯ ಮೇಲಿಟ್ಟಳು. ತಟ್ಟೆಯ ಮೇಲೆ ತೂಗುವ ಕ್ಯಾಮೆರಾ ಅವಳ ಅಣ್ಣನದು. ಅದು ಕಂಡದ್ದನ್ನು ಗೋಡೆಯ ದೊಡ್ಡ ಪರದೆಗೆ ಕಳಿಸುವ ಪ್ರೋಗ್ರಾಮೂ ಅವನದೇ. ಅಣ್ಣನಿಗೆ ಕಣ್ಣಿನ ವಿಭಾಗ, ತಂಗಿಗೆ ಚರ್ಮದ ವಿಭಾಗ ಎಂದು ಸಂಶೋಧನಾಲಯದವರು ನಗುತ್ತಿದ್ದರು. ಅಧಿಕಾರಿಯ ಕಂಪನಿ ಹಳೆಯ ಫೋನುಗಳನ್ನು ಕೊಂಡು, ಒರೆಸಿ, ಮತ್ತೆ ಮಾರುವಂಥದು. ಗೀರು ಬಿದ್ದರೆ ತಾನಾಗಿ ಮಾಯುವ ಪೊರೆ ಅವರಿಗೆ ಒಪ್ಪಿಗೆಯಾದರೆ ಅವಳ ಮೂರು ವರ್ಷ ಸಾರ್ಥಕ, ಪದವಿಯೂ ಕೈಗೆ. ಆಗದಿದ್ದರೆ ಎರಡೂ ಇಲ್ಲ.

ಪರದೆಯ ಮೇಲೆ ಗೀರು ಮಸುಕಾಯಿತು, ತೆಳ್ಳಗಾಯಿತು, ಕೊನೆಗೆ ಇಲ್ಲವಾಯಿತು. ಎರಡು ಸಮ್ಮೇಳನಗಳಲ್ಲಿ ಇದನ್ನೇ ನೋಡಿ ವಿದ್ವಾಂಸರು ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಅಧಿಕಾರಿ ವಿದ್ವಾಂಸನಲ್ಲವಾದ್ದರಿಂದ ಎದ್ದು ಹೋಗಿ ಫೋನನ್ನು ಬರಿಗೈಯಲ್ಲಿ ಎತ್ತಿಕೊಂಡ.

“ಸರ್, ಬೆರಳು ತಾಗಿಸಬಾರದು,” ಅಣ್ಣ ಅರ್ಧ ಎದ್ದ. “ಕೈಯ ಜಿಡ್ಡಿಗೆ ಪೊರೆ ಕೆಡತ್ತೆ. ಇಲ್ಲಿ ಯಾರೂ ಮುಟ್ಟಲ್ಲ.”

“ಕೊಂಡೋರು ಮುಟ್ಟದೆ ಪೂಜೆ ಮಾಡ್ತಾರೇನ್ರಿ?” ಅವನು ಹೆಬ್ಬೆರಳಿನ ಉಗುರನ್ನು ಗಾಜಿನ ಮೇಲೆ ಹಾಯಿಸಿದ. ಉಗುರು ನಿಂತಿತು. “ಇಲ್ಲೇ ಇದೆಯಲ್ಲ ಇದು. ಹಾಕಿದ್ದು ಹಾಕಿದ ಹಾಗೇ ಇದೆ.”

ಅವಳು ಕೈಗವಸು ಕಳಚಿದಳು. ತಾನು ಮಾಡಿದ ಪೊರೆಯನ್ನು ಬರಿಯ ಬೆರಳಿನಿಂದ ಮುಟ್ಟಿದ್ದು ಅದೇ ಮೊದಲು. ಸೂಜಿಯಲ್ಲಿ ಎಳೆಯುತ್ತಿದ್ದ ಗೀರುಗಳು ಕೂದಲಿಗಿಂತ ಸಣ್ಣವು, ಕಣ್ಣಿಗೆ ಕಾಣದವು. ಕ್ಯಾಮೆರಾ ಮಾಯಿತೆಂದರೆ ಮಾಯಿತು. ಈ ಗೀರು ಮಾತ್ರ ಉಗುರಿನ ಕೆಳಗೆ ಹರಿವಾಣದ ಅಂಚಿನಂತೆ ನಿಂತಿತ್ತು. ಕಿಟಕಿಯ ಬೆಳಕಿಗೆ ಓರೆಮಾಡಿದರೆ ಹೊಳೆಯುತ್ತಲೂ ಇತ್ತು.

“ಅಣ್ಣ,” ಅವಳು ಗೋಡೆಯ ಪರದೆಯತ್ತ ತಿರುಗಿದಳು. “ಅಣ್ಣ, ನಿನ್ನ ಪ್ರೋಗ್ರಾಮ್ ಏನು ಮಾಡತ್ತೆ?”

“ಏನಿಲ್ಲ ಗುಬ್ಬಿ. ಚಿತ್ರದಲ್ಲಿ ಧೂಳು, ಕೂದಲು ಬಂದ್ರೆ ಸ್ವಲ್ಪ ಸ್ವಲ್ಪ ಒರೆಸ್ತಾ ಹೋಗತ್ತೆ. ತೆಳ್ಳಗೆ, ಉದ್ದಕ್ಕೆ ಇರೋದೆಲ್ಲ ಕಸ ಅಂತ ಕಲಿಸಿದ್ದೆ.” ಹೇಳುತ್ತ ಹೇಳುತ್ತ ಅವನ ಮಾತು ನಿಧಾನವಾಯಿತು.

“ಗೀರು ಕೂಡ ತೆಳ್ಳಗೆ, ಉದ್ದಕ್ಕೆ ಇರತ್ತಲ್ಲ.”

“ಚಿತ್ರ ಚೊಕ್ಕವಾಗಿ ಬರಲಿ ಅಂದೋಳು ನೀನೇ.”

“ಮೂರು ವರ್ಷ ನೀನು ಪಕ್ಕದ ಮೇಜಲ್ಲೇ ಇದ್ದೆ. ಒಂದು ಮಾತು ಹೇಳ್ಬಾರ್ದಿತ್ತಾ?”

“ನೀನು ಕೇಳಿದ್ರೆ ತಾನೆ? ನೀನು ಯಾರ ಹತ್ರ ಬಾಯಿ ಬಿಡ್ತೀಯ?”

ಅಧಿಕಾರಿ ಈಗ ಹೊರಟುಹೋಗುತ್ತಾನೆ ಎಂದುಕೊಂಡಳು. ಅವನು ಕುರ್ಚಿಯನ್ನು ಅಣ್ಣನ ಹತ್ತಿರಕ್ಕೆ ಎಳೆದುಕೊಂಡ. “ಅಂದ್ರೆ ಕೀಲಿಯ ಗೀರನ್ನೂ ಒರೆಸಿಬಿಡ್ತು. ಒಡೆದ ಮೂಲೆ?”

ಅಣ್ಣನ ಮುಖದಲ್ಲಿ ಆ ತನಕ ಒಂದಿಷ್ಟು ನಾಚಿಕೆ ಇತ್ತು. ಹೊಗಳಿಕೆಯ ಸುಳಿವು ಸಿಕ್ಕ ಕೂಡಲೇ ಅದು ಜಾಗ ಖಾಲಿ ಮಾಡಿತು. “ಕಲಿಸಿದ್ರೆ ಅದನ್ನೂ ಒರೆಸತ್ತೆ ಸರ್.”

“ನಮ್ಮ ಗಿರಾಕಿಗಳು ಫೋಟೋ ನೋಡಿ ಕೊಳ್ಳೋದು. ಫೋಟೋ ಚೆನ್ನಾಗಿದ್ರೆ ಪೊರೆ ಯಾಕ್ರಿ ಬೇಕು?”

“ಮನೆಗೆ ಬಂದ ಮೇಲೆ ಗೀರು ಕಾಣತ್ತಲ್ಲ,” ಅವಳೆಂದಳು.

“ದಾರಿಯಲ್ಲಿ ಆಗಿರ್ಬೇಕು ಅಂತೀವಮ್ಮ.” ಅವನು ಅವಳತ್ತ ತಿರುಗದೆಯೇ ಹೇಳಿದ. ಅಣ್ಣ ನಕ್ಕ. ಅಷ್ಟು ಜೋರಾಗಿ ನಗುವಂಥದ್ದೇನೂ ಅದರಲ್ಲಿರಲಿಲ್ಲ.

ಆಮೇಲೆ ಇಬ್ಬರೂ ತಲೆಗೆ ತಲೆ ಕೊಟ್ಟು ಕೂತರು. ಪ್ರೋಗ್ರಾಮಿಗೆ ಇನ್ನೂ ಅಭ್ಯಾಸ ಸಾಲದು, ಬಗೆಬಗೆಯ ಗೀರು ತೋರಿಸಬೇಕು, ಸಾವಿರಾರು ಫೋನುಗಳ ಮೇಲೆ ಆಳದ್ದು, ಅಡ್ಡದ್ದು, ಸೊಟ್ಟದ್ದು ಎಲ್ಲ ಬೇಕು ಎಂದು ಅಣ್ಣ ವಿವರಿಸಿದ. ಅಷ್ಟೊಂದು ಗೀರು ಹಾಕೋರು ಯಾರು ಎಂದು ಅಧಿಕಾರಿ ಕೇಳಿದ.

“ನಮ್ಮ ಗುಬ್ಬಿ ಇದ್ದಾಳಲ್ಲ. ಅವಳಷ್ಟು ಅಚ್ಚುಕಟ್ಟಾಗಿ ಗೀರು ಎಳೆಯೋರು ಈ ಕಟ್ಟಡದಲ್ಲೇ ಇಲ್ಲ.” ಉದಾರಿಯಂತೆ ಅವಳ ಕಡೆ ನೋಡಿದ. “ಪದವಿ ಇಲ್ದಿದ್ರೇನಂತೆ, ಕೆಲಸ ಆಯ್ತಲ್ಲ. ಅಮ್ಮನಿಗೆ ನಾನೇ ಹೇಳ್ತೀನಿ ಬಿಡು.”

“ಒಪ್ಪಿಗೇನಮ್ಮಾ?” ಅಧಿಕಾರಿ ಮೊದಲ ಸಲ ಅವಳ ಮುಖ ನೋಡಿದ. “ಯಾವಾಗಿಂದ ಶುರು ಮಾಡ್ತೀಯ?”

ಮೇಜಿನ ಮೇಲೆ ಅವನ ಸ್ವಂತ ಫೋನಿತ್ತು. ಹೊಸದು, ಗಾಜಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಕಿತ್ತಿರಲಿಲ್ಲ. ಅವಳು ಅದನ್ನೆತ್ತಿ ಹಾಳೆ ಸುಲಿದು, ಕ್ಯಾಮೆರಾದ ಕೆಳಗೆ ನೇರವಾಗಿ ಇಟ್ಟಳು. ವಜ್ರದ ಮೊನೆಯ ಸೂಜಿಯನ್ನು ಆರಿಸಿಕೊಂಡು, ಈ ಮೂಲೆಯಿಂದ ಆ ಮೂಲೆಗೆ, ಮೊಣಕೈಯ ಭಾರವನ್ನೆಲ್ಲ ಹಾಕಿ ಎಳೆದಳು. ಅಂಥ ಸದ್ದು ಆ ಕೋಣೆಯಲ್ಲಿ ಯಾರೂ ಕೇಳಿರಲಿಲ್ಲ.

“ಈಗಿಂದ,” ಎಂದಳು.

ಅಧಿಕಾರಿ ಓಡಿಬಂದು ಫೋನಿನ ಮೇಲೆ ಬಾಗಿದ. ಹೆಬ್ಬೆರಳಿನಿಂದ ಉಜ್ಜಿದ, ಎಂಜಲು ಹಚ್ಚಿ ಉಜ್ಜಿದ, ಅಂಗಿಯ ತುದಿಯಿಂದ ಉಜ್ಜಿದ. ಅವನ ಬೆನ್ನ ಹಿಂದೆ, ಗೋಡೆಯ ದೊಡ್ಡ ಪರದೆಯ ಮೇಲೆ, ಆ ಗೀರು ಆಗಲೇ ಮಾಯತೊಡಗಿತ್ತು.