ಗೇಟು ಗುರುತಿಸಿದ ಸ್ಕೂಟರು

ಊರಿನ ಗೇಟುಗಳೆಲ್ಲ, ಜನರ ಮತ್ತು ವಾಹನಗಳ ದಾಖಲೆಯಿದ್ದ ಡೇಟಾಬೇಸನ್ನು ಕೇಳಿಯೇ ತೆರೆದುಕೊಳ್ಳುತ್ತಿದ್ದವು. ಅದರ ವಿನ್ಯಾಸ ಮಾಡಿದ ವಿರೂಪಾಕ್ಷ ಸಂಜೆ ಮನೆಗೆ ಬಂದಾಗ, ಪಕ್ಕದ ಮನೆಯ ನೀಲವ್ವ ತನ್ನದೇ ಗೇಟಿನ ಹೊರಗೆ ನಿಂತಿದ್ದಳು. ಅವಳ ಗಂಡ ತೀರಿಕೊಂಡು ದಿನಕರ್ಮವೂ ಮುಗಿದಿತ್ತು.

"ತಮ್ಮಾ, ಇವತ್ತ ಇವರ ಹೆಸರು ತಗದಾರಂತ. ಗೇಟು ನೋಡಿದ್ರ ನಾನೂ ಇಲ್ಲ ಅಂತೈತಿ."

ಡೇಟಾಬೇಸಿನಲ್ಲಿ ಹೆಂಡತಿಯನ್ನು ಗಂಡನ ದಾಖಲೆಯ ಒಂದು ಭಾಗವಾಗಿ ಒಳಗೆ ಕೂರಿಸಿದವನು ವಿರೂಪಾಕ್ಷನೇ. ಗಂಡನನ್ನು ಅಳಿಸಿದರೆ ಅವಳೂ ಅಳಿಯುತ್ತಿದ್ದಳು.

"ಆಫೀಸಿನವ್ರು ಏನೋ ತಪ್ಪು ಮಾಡ್ಯಾರ ಅಕ್ಕಾ, ನಾಳೆ ಸರಿ ಮಾಡಸ್ತೀನಿ," ಎಂದ.

"ನಾಳೆ ಮಾಡ್ಸೀಯಂತ. ಈಗ ಇವರ ಸ್ಕೂಟರ್ ತಂದ್ರ ತೆರೀತೈತಿ. ನನಗ ಒಬ್ಬಾಕಿಗೆ ದೂಡಾಕ ಆಗವಲ್ದು, ಸ್ವಲ್ಪ ಕೈ ಹಚ್ಚು."

ಬೀದಿಯಲ್ಲಿದ್ದ ಹಳೆಯ ಸ್ಕೂಟರನ್ನು ಇಬ್ಬರೂ ದೂಡಿದರು. ಗೇಟು ಅದರ ನಂಬರ್ ನೋಡಿ ಮರುಮಾತಿಲ್ಲದೆ ತೆರೆಯಿತು. ಸ್ಕೂಟರು ಮಾರಾಟವಾಗುತ್ತದೆ, ಮಾಲೀಕನ ನಂತರವೂ ಇರುತ್ತದೆ ಎಂದು ವಿರೂಪಾಕ್ಷ ಅದನ್ನು ಯಾರ ದಾಖಲೆಯ ಭಾಗವಾಗಿಯೂ ಮಾಡದೆ, ಬಹಳ ಯೋಚಿಸಿ, ಬೇರೆಯಾಗಿಯೇ ಇಟ್ಟಿದ್ದ.

ಅದರ ಬೆನ್ನಿಗೇ ಒಳಗೆ ನುಸುಳಿದ ನೀಲವ್ವ ಸೀಟಿನ ಧೂಳನ್ನು ಸೆರಗಿನಿಂದ ಒರೆಸಿದಳು.

"ಯಾರೋ ಪುಣ್ಯಾತ್ಮ ಇದಕ್ಕಾದ್ರೂ ಒಂದು ಜಾಗಾ ಇಟ್ಟಾನ ನೋಡು ತಮ್ಮಾ. ಅವನ ಹೊಟ್ಟಿ ತಣ್ಣಗಿರಲಿ."