ಮೂಲೆಗೆ ಹಚ್ಚಿದ ಅರಿಶಿನ

ನಯೀಮ್ ಕಾಗದದ ಮೂಲೆಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದ. ಹಳದಿ ಹೋಗಲಿಲ್ಲ. ಅದು ನೋಟರಿಯ ಮೊಹರಿನ ಮೇಲೂ ಇಳಿದು ಒಣಗಿತ್ತು.

"ಅಮ್ಮಾ, ಅರಿಶಿನ ಹಚ್ಚಿದೀರಾ?"

ವಿದೇಶಕ್ಕೆ ಹೋಗುವ ಕಾಗದಗಳಿಗೆ ಸರ್ಕಾರದ ಮುದ್ರೆ ಹಾಕಿಸಿಕೊಡುವ ಅಂಗಡಿ ಅವನದು, ಶಿವಾಜಿನಗರದಲ್ಲಿ. ಅಂಬುಜಾ ತಂದಿದ್ದು ಒಂದೇ ಹಾಳೆ. ಜರ್ಮನಿಯಲ್ಲಿ ತೀರಿಕೊಂಡ ಮಗಳು ರಂಜನಾಳ ಮನೆಯಲ್ಲಿ ತನಗೆ ಪಾಲು ಬೇಡ, ಎಲ್ಲ ಅಳಿಯನಿಗೇ ಇರಲಿ ಎಂದು ಹಕ್ಕು ಬಿಟ್ಟುಕೊಟ್ಟ ಪತ್ರ.

"ಅವಳಿಗೆ ಅಭ್ಯಾಸ ಕಣ್ರೀ," ಎಂದರು ಪಕ್ಕದಲ್ಲಿದ್ದ ಗಂಡ ಕೃಷ್ಣಸ್ವಾಮಿ. "ಮುಖ್ಯವಾದ ಪೇಪರ್ ಯಾವುದು ಮನೆಯಿಂದ ಆಚೆ ಹೋದ್ರೂ ನಾಲ್ಕು ಮೂಲೆಗೂ ಹಚ್ತಾಳೆ. ರಂಜನಾಳ ವೀಸಾ ಅರ್ಜಿಗೂ ಹಚ್ಚಿದ್ಲು. ಇದಕ್ಕೂ ಕೈ ಹೋಗ್ಬಿಟ್ಟಿದೆ."

"ಮೊಹರು ಕಾಣಲ್ಲ ಸಾರ್, ಇದನ್ನ ತಗೊಳಲ್ಲ. ಹೊಸದಾಗಿ ಟೈಪ್ ಮಾಡ್ಸಿ, ನೋಟರಿ ಮುಂದೆ ಅಮ್ಮ ಇನ್ನೊಂದು ಸಲ ಓದಿ ಸೈನ್ ಮಾಡ್ಬೇಕು."

ಅಂಬುಜಾ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡರು. ನಯೀಮ್ ವಾಪಸ್ ಚಾಚಿದ ಹಾಳೆಯನ್ನು ಮುಟ್ಟಲಿಲ್ಲ.

"ಮಗಳದ್ದು ಬೇಡ ಅಂತ ಒಂದು ಸಲ ಹೇಳೋಕೇ ಬಾಯಿ ಬರ್ತಿರ್ಲಿಲ್ಲಪ್ಪ," ಎಂದರು. "ಮತ್ತೆ ಹೇಳ್ಬೇಕಾ?"