ಕಾಕುವಿನ ಹೊಸ ಹಂಚು

ಖಾಲಿ ನಾನ್‌ಸ್ಟಿಕ್ ಹಂಚು ಒಲೆಯ ಮೇಲೆ ಕಾಯುವ ವಾಸನೆ ಬಂದರೆ ಈಗಲೂ ನಾನು ಮೊದಲು ಕಿಟಕಿ ತೆಗೆಯುತ್ತೇನೆ.

ನಿಗಡಿ ಊರಿನ ನಮ್ಮ ಮನೆಯಲ್ಲಿ ಅವ್ವ, ಚಿಕ್ಕಪ್ಪನ ಹೆಂಡತಿ ಕಾಕು ಇಬ್ಬರದೂ ಒಂದೇ ಅಡುಗೆಮನೆ. ಅವ್ವನದು ಧಾರವಾಡದಿಂದ ತಂದ, ಎರಕದ ಕಬ್ಬಿಣದ ಬೀಡಿನ ಹಂಚು, ಕಾಕುವಿನದು ಹೊಸ ನಾನ್‌ಸ್ಟಿಕ್. ಅವ್ವನ ಮೊದಲ ದೋಸೆ ಯಾವಾಗಲೂ ಅಂಟಿಕೊಂಡು ಹರಿಯುತ್ತಿತ್ತು. ಕಾಕುವಿನದು ತಾನೇ ಜಾರಿ ತಟ್ಟೆಗೆ ಬೀಳುತ್ತಿತ್ತು.

"ನೋಡವಾ, ಎಣ್ಣೀನೂ ಬ್ಯಾಡ, ಬೈಗುಳಾನೂ ಬ್ಯಾಡ," ಎಂದು ಅಜ್ಜಿ ನಗುತ್ತಿದ್ದಳು. ಅವಳು ಕಾಕುವಿನ ದೋಸೆಯನ್ನೇ ಮತ್ತೆ ಕೇಳಿದಾಗ ಅವ್ವನ ಜೊತೆ ನನ್ನ ಹೊಟ್ಟೆಯೂ ಉರಿಯುತ್ತಿತ್ತು.

ಕಾಕು ಸಾಸವಡದ ಪೇಟೆಗೆ ಹೋಗಿದ್ದ ಮಧ್ಯಾಹ್ನ ಅವ್ವ ಆ ಹಂಚನ್ನು ಕೆಳಗಿಳಿಸಿದಳು. "ಇದರಾಗ ಅಂಥಾದ್ದೇನದ, ನೋಡೇ ಬಿಡೂಣು," ಎಂದು, ಬೀಡಿನ ಹಂಚಿಗೆ ಮಾಡುವ ಹಾಗೆಯೇ ಖಾಲಿ ಇಟ್ಟು, ಉರಿ ದೊಡ್ಡದು ಮಾಡಿ, ಹೊಗೆ ಏಳುವುದನ್ನು ಕಾದಳು.

ಹೊಗೆ ಎದ್ದಿತು. ಹಂಚಿನ ಲೇಪ ಸುಟ್ಟು ಗಂಟಲು ಕೊರೆಯುವ ವಾಸನೆ. ಕಿಟಕಿಯ ಪಕ್ಕದ ಪಂಜರದಲ್ಲಿ ಕಾಕು ಸಾಕಿದ್ದ ಲವ್‌ಬರ್ಡ್ಸ್ ಜೋಡಿ ಬಾಯಿ ತೆರೆದು ಓಲಾಡಿ, ಒಂದರ ಹಿಂದೆ ಒಂದು ಕೆಳಗೆ ಬಿದ್ದವು, ಮತ್ತೆ ಏಳಲಿಲ್ಲ. ಅವ್ವ ನನ್ನ ರಟ್ಟೆ ಹಿಡಿದು ಬಾಲ್ಕನಿಗೆ ಎಳೆದಳು. "ಉಸಿರು ತಗೋ, ನನ್ನ ಕಡೆ ನೋಡು, ಉಸಿರು ತಗೋ!"

ಸಂಜೆ ಕಾಕು ಬಂದವಳೇ ಚೀಲದಿಂದ ಒಂದು ಡಬ್ಬಿ ತೆಗೆದಳು. "ಅಕ್ಕಾ, ನಿಮಗೂ ಅಂಥಾದ್ದೇ ಹಂಚು ತಂದೇನ್ರಿ. ಇನ್ನ ಅತ್ತಿಯವರು ಯಾರ ದ್ವಾಸಿ ಹೊಗಳತಾರ ನೋಡೂಣು."

ಅವ್ವ ಕೈ ಚಾಚಲಿಲ್ಲ. ಕಾಕು ನಗುತ್ತಲೇ ಪಂಜರದ ಕಡೆ ತಿರುಗಿ ಸಿಳ್ಳೆ ಹಾಕಿದಳು.